ಖಟಕ ಚಿಂಚೋಳಿಯ ಮಗುವಿಗೆ ಡಯಾಲಿಸಿಸ್ ಎಷ್ಟು ದೂರ

ನಾಲ್ಕು ವರ್ಷದ ಮಗು, ಎತ್ತರ ಒಂದು ಮೀಟರ್. ರಕ್ತ ತಪಾಸಣೆಯ ಚೀಟಿಯಲ್ಲಿ ಕ್ರಿಯಾಟಿನಿನ್ 1.0 ಎಂದು ಬಂದಿದೆ ಎನ್ನೋಣ. ಪಕ್ಕದಲ್ಲಿ ಮಿತಿ 0.6ರಿಂದ 1.2 ಎಂದು ಅಚ್ಚಾಗಿದೆ. ‘ನಾರ್ಮಲ್ ಅದ’ ಎಂದುಕೊಂಡು ಅಪ್ಪ ಅವ್ವ ಮನೆಗೆ ಮರಳುತ್ತಾರೆ. ಆದರೆ ಆ ಮಿತಿ ದೊಡ್ಡವರದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ; ಅಷ್ಟು ಸಣ್ಣ ಮೈಯಲ್ಲಿ ಅದು 0.3ರಿಂದ 0.5ರ ಆಸುಪಾಸಿನಲ್ಲಿರಬೇಕು. ಮಕ್ಕಳ ಕಿಡ್ನಿ ತಜ್ಞರು ಬಳಸುವ ಶ್ವಾರ್ಟ್ಸ್ ಸೂತ್ರ ತೀರಾ ಸರಳ. ಎತ್ತರವನ್ನು ಸೆಂಟಿಮೀಟರಿನಲ್ಲಿ ಹಿಡಿದು 0.413ರಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್ ಅಂಕಿಯಿಂದ ಭಾಗಿಸಬೇಕು. ಈ ಮಗುವಿಗೆ ಉತ್ತರ 41. ಇರಬೇಕಾದದ್ದು 90ಕ್ಕಿಂತ ಮೇಲೆ. 15ರ ಕೆಳಗೆ ಇಳಿದರೆ ಅದನ್ನೇ ಕಿಡ್ನಿ ವೈಫಲ್ಯ ಎನ್ನುವುದು. ಅಂದರೆ ‘ನಾರ್ಮಲ್’ ಎಂಬ ಚೀಟಿ ಕೈಯಲ್ಲಿರುವಾಗಲೇ ಮಗುವಿನ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಲಸ ಬಿಟ್ಟಿರುತ್ತದೆ.

ಬೀದರ್ ಸೀಮೆಯಲ್ಲಿ ಮಕ್ಕಳ ಕಿಡ್ನಿ ಕಾಯಿಲೆಯ ಮಾತು ಬಂದಾಗಲೆಲ್ಲ ಚರ್ಚೆ ಡಯಾಲಿಸಿಸ್ ಯಂತ್ರದ ಸುತ್ತಲೇ ತಿರುಗುತ್ತದೆ: ಎಷ್ಟು ಯಂತ್ರ ಬಂದವು, ಎಷ್ಟು ಕೆಟ್ಟು ಕೂತವು, ಗುತ್ತಿಗೆ ಯಾರದು. ಇದು ದೊಡ್ಡವರ ರೋಗಕ್ಕೆ ಸರಿಹೊಂದುವ ಚರ್ಚೆ. ಮಕ್ಕಳ ವಿಷಯದಲ್ಲಿ ಮುಖ್ಯವಾದದ್ದು ಮನೆ. ಚಿಕಿತ್ಸೆಯ ಬಹುಪಾಲು ಅಡುಗೆಮನೆಯಲ್ಲಿ, ಹಾಸಿಗೆಯ ಬದಿಯಲ್ಲಿ, ಬಸ್ಸಿನ ಸೀಟಿನಲ್ಲಿ ನಡೆಯುತ್ತದೆ. ಅದನ್ನು ನಡೆಸುವವಳು ಹೆಚ್ಚಾಗಿ ಅವ್ವ. ನಮ್ಮ ಯೋಜನೆಗಳು ಆಸ್ಪತ್ರೆಯ ಬಾಗಿಲವರೆಗೆ ಬರುತ್ತವೆ, ಮನೆಯ ಹೊಸ್ತಿಲು ದಾಟುವುದು ಅಪರೂಪ.

ಖಟಕ ಚಿಂಚೋಳಿ ಭಾಲ್ಕಿ ತಾಲ್ಲೂಕಿನ ಹೋಬಳಿ ಊರು. ಅಲ್ಲಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ, ಬೀದರಿನಿಂದ ಮುಂದಕ್ಕೆ ಎಂಬ ದಾರಿ ರೋಗಿಗಳಿಗೆಲ್ಲ ಗೊತ್ತು. ಬೀದರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ಬ್ರಿಮ್ಸ್, ಇದೆ. ಆದರೆ ಮಕ್ಕಳ ಕಿಡ್ನಿಗೆಂದೇ ಓದಿದ ತಜ್ಞರು ರಾಜ್ಯದಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇದ್ದಾರೆ. ಬೆಂಗಳೂರು ಸುಮಾರು 700 ಕಿಲೋಮೀಟರ್, ರೈಲಿನಲ್ಲಿ ಒಂದು ರಾತ್ರಿಯ ಪಯಣ. ಹೈದರಾಬಾದ್ 140 ಕಿಲೋಮೀಟರಿನ ಆಸುಪಾಸು. ಹಾಗಾಗಿ ಕಾಲು ಮೊದಲು ಹೈದರಾಬಾದಿನ ಕಡೆಗೇ ತಿರುಗುತ್ತದೆ: ನಿಲೋಫರ್ ಮಕ್ಕಳ ಆಸ್ಪತ್ರೆ, ನಿಮ್ಸ್, ಇಲ್ಲವೇ ಖಾಸಗಿ ದವಾಖಾನೆ. 1956ರ ನವೆಂಬರ್ 1ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಗಡಿ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ. ಔರಾದ್, ಕಮಲನಗರದ ಕಡೆಯವರು ಉದಗೀರ, ಲಾತೂರಿಗೂ ಹೋಗುತ್ತಾರೆ. ಹೀಗೆ ಒಂದೇ ಮಗುವಿನ ಕಾಗದಗಳು ಮೂರು ರಾಜ್ಯಗಳ ಆಸ್ಪತ್ರೆಗಳಲ್ಲಿ ಹಂಚಿಹೋಗಿರುತ್ತವೆ.

ಮಕ್ಕಳ ಕಿಡ್ನಿ ಕೆಡುವ ಬಗೆಯೇ ಬೇರೆ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ಬಿಪಿ ಮೊದಲ ಕಾರಣಗಳು. ಮಕ್ಕಳಲ್ಲಿ ದೊಡ್ಡ ಪಾಲು ಹುಟ್ಟಿನಿಂದಲೇ ಬಂದ ರಚನೆಯ ದೋಷದ್ದು. ಕಿಡ್ನಿ ಸಣ್ಣದಾಗಿ ಹುಟ್ಟುವುದು, ಮೂತ್ರ ಚೀಲದಿಂದ ಕಿಡ್ನಿಯ ಕಡೆಗೆ ಉಚ್ಚೆ ಹಿಮ್ಮುಖವಾಗಿ ಏರುವುದು, ಗಂಡುಮಕ್ಕಳಲ್ಲಿ ಮೂತ್ರನಾಳದ ಒಳಗೆ ತೆಳ್ಳನೆಯ ಪೊರೆ ಅಡ್ಡ ಬಂದು ದಾರಿ ಕಟ್ಟುವುದು. ಈ ಕೊನೆಯದನ್ನು ಬಸುರಿಯ ಐದನೇ ತಿಂಗಳ ಸ್ಕ್ಯಾನಿಂಗಿನಲ್ಲೇ ಹಲವು ಸಲ ಗುರುತಿಸಬಹುದು. ‘ಕೂಸಿನ ಕಿಡ್ನಿ ಉಬ್ಬ್ಯಾದ’ ಎಂದು ಡಾಕ್ಟರು ಹೇಳಿಯೂ ಇರುತ್ತಾರೆ. ಆದರೆ ನಮ್ಮ ಕಡೆ ಬಾಣಂತನ ತವರಿನಲ್ಲಿ. ಸ್ಕ್ಯಾನಿಂಗ್ ಕಾಗದ ತವರಿನ ಟ್ರಂಕಿನಲ್ಲಿ ಉಳಿಯುತ್ತದೆ, ಕೂಸು ಗಂಡನ ಮನೆಗೆ ಬರುತ್ತದೆ. ಕೂಸು ಅಳುತ್ತದೆ, ಹಾಲು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ. ಇನ್ನೇನು ಬೇಕು ಎಂದು ಕಾಗದ ಮರೆತುಹೋಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲೇ ಆ ಪೊರೆ ತೆಗೆದಿದ್ದರೆ ಉಳಿಯಬಹುದಾಗಿದ್ದ ಕಿಡ್ನಿ ಆರೇಳು ವರ್ಷಕ್ಕೆ ಕೈಬಿಡುತ್ತದೆ.

ಎರಡನೆಯದು ನೆಫ್ರೋಟಿಕ್ ಸಿಂಡ್ರೋಮ್. ಬೆಳಿಗ್ಗೆ ಎದ್ದಾಗ ಮಗುವಿನ ಮುಖ, ಕಣ್ಣಿನ ಸುತ್ತ ಬಾವು, ಉಚ್ಚೆಯಲ್ಲಿ ನೊರೆ. ಸ್ಟಿರಾಯ್ಡ್ ಗುಳಿಗೆಗೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ, ಹಲವರಿಗೆ ಮರುಕಳಿಸುತ್ತದೆ, ಆದರೂ ಕಿಡ್ನಿ ಉಳಿಯುತ್ತದೆ. ಅಪಾಯ ಇರುವುದು ಸ್ಟಿರಾಯ್ಡಿಗೆ ಬಗ್ಗದ ಉಳಿದ ಸಣ್ಣ ಪಾಲಿಗೆ, ಮತ್ತು ಗುಳಿಗೆಯಿಂದ ಮುಖ ದುಂಡಗಾಯಿತೆಂದು ಅರ್ಧಕ್ಕೇ ನಿಲ್ಲಿಸುವ ಮನೆಗಳ ಮಕ್ಕಳಿಗೆ.

ಮೂರನೆಯದರ ಬಗ್ಗೆ ಮಾತಾಡಲು ಯಾರಿಗೂ ಮನಸ್ಸಿಲ್ಲ. ವಂಶವಾಹಿಯಿಂದ ಬರುವ ಕಿಡ್ನಿ ಕಾಯಿಲೆಗಳಲ್ಲಿ ಹಲವು, ಅಪ್ಪ ಅವ್ವ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಹೊರಬೀಳುತ್ತವೆ. ಇಬ್ಬರೂ ಒಂದೇ ಮನೆತನದವರಾದರೆ ಆ ಸಂಭವ ಹೆಚ್ಚು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ಸಂಬಂಧ ಉಳಿಸುವ ರೀತಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲು ಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅದರಲ್ಲಿ ಬಹುಪಾಲು ಮನೆಗಳ ಮಕ್ಕಳು ಚೆನ್ನಾಗಿಯೇ ಇದ್ದಾರೆ ಎನ್ನುವುದೂ ನಿಜ. ಆದರೆ ಒಂದು ಮಗುವಿಗೆ ಇಂಥ ಕಾಯಿಲೆ ಬಂದ ಮನೆಯಲ್ಲಿ ಮುಂದಿನ ಪ್ರತಿ ಬಸುರಿಗೂ ನಾಲ್ಕರಲ್ಲೊಂದು ಪಾಲು ಅಪಾಯ ಇದೆ ಎಂಬುದನ್ನು ಯಾರಾದರೂ ಕೂತು ತಿಳಿಸಿ ಹೇಳಬೇಕು. ಹೇಳದೆ ಬಿಟ್ಟರೆ ಆ ಜಾಗವನ್ನು ಊರ ಮಾತು ತುಂಬುತ್ತದೆ: ‘ಸೊಸಿ ಕಡೆ ದೋಷ ಅದ.’ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದಿದ್ದರಿಂದಲೇ ಕಾಯಿಲೆ ಬಂದದ್ದು ಎಂಬುದನ್ನು ಅತ್ತೆಗೆ ಯಾರೂ ಹೇಳಿರುವುದಿಲ್ಲ.

ಇವೆಲ್ಲ ನಿಧಾನವಾಗಿ ಕಿಡ್ನಿ ತಿನ್ನುವ ಕಾಯಿಲೆಗಳು. ಒಂದೆರಡು ದಿನದಲ್ಲೇ ಕಿಡ್ನಿ ನಿಲ್ಲಿಸುವ ಕಾರಣಗಳು ಬೇರೆ ಇವೆ: ವಾಂತಿಭೇದಿಯಲ್ಲಿ ನೀರು ಕಳೆದುಕೊಳ್ಳುವುದು, ರಕ್ತಭೇದಿ, ಹೊಲದಲ್ಲಿ ಕೊಳಕುಮಂಡಲದ ಕಡಿತ, ಕೆಟ್ಟ ಔಷಧಿ. 2025ರ ಶರತ್ಕಾಲದಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಡೈಇಥೈಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ನಿಂತು ಸತ್ತರು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ, 2022ರಲ್ಲಿ ಗ್ಯಾಂಬಿಯಾದಲ್ಲಿ ಜೀವ ತೆಗೆದಿತ್ತು. ಹಠಾತ್ತಾಗಿ ನಿಂತ ಕಿಡ್ನಿಯನ್ನು ಬೇಗ ಹಿಡಿದರೆ ಹಲವು ಸಲ ಮರಳಿ ತರಬಹುದು. ಉಚ್ಚೆ ನಿಂತ ಮಗುವನ್ನು ‘ನಾಳೆ ನೋಡೋಣು’ ಎಂದು ಇಟ್ಟುಕೊಳ್ಳುವಂತಿಲ್ಲ.

ನಿಧಾನದ ಕಾಯಿಲೆಯಲ್ಲಿ ತೊಡಕು ಇದಕ್ಕೆ ತಿರುವುಮುರುವು. ಹುಟ್ಟುದೋಷದ ಎಷ್ಟೋ ಮಕ್ಕಳು ಉಚ್ಚೆಯನ್ನು ಕಡಿಮೆಯಲ್ಲ, ಹೆಚ್ಚೇ ಹೊಯ್ಯುತ್ತಾರೆ. ಕಿಡ್ನಿಗೆ ನೀರನ್ನೂ ಉಪ್ಪನ್ನೂ ಹಿಡಿದಿಡಲು ಆಗುವುದಿಲ್ಲ. ತಿಳಿ ನೀರಿನಂತೆ ಹೊರಹೋಗುತ್ತದೆ. ‘ಉಚ್ಚಿ ಚಲೋ ಹೋಗ್ತದ, ಕಿಡ್ನಿಗೇನಾಗ್ಯಾದ?’ ಎಂಬ ಮಾತಿನಲ್ಲಿ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ಮಗು ಓರಗೆಯವರಿಗಿಂತ ಗಿಡ್ಡ ಉಳಿಯುತ್ತದೆ, ಕಾಲು ಬಾಗುತ್ತದೆ, ಮೈ ಬಿಳಿಚಿಕೊಳ್ಳುತ್ತದೆ, ರಾತ್ರಿ ಎದ್ದು ಎದ್ದು ನೀರು ಕೇಳುತ್ತದೆ, ಎಂಟು ವರ್ಷವಾದರೂ ಹಾಸಿಗೆ ಒದ್ದೆ ಮಾಡುತ್ತದೆ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ, ಕಾಲು ಬಾಗಿದ್ದಕ್ಕೆ ಕ್ಯಾಲ್ಸಿಯಂ, ಹಾಸಿಗೆ ಒದ್ದೆಗೆ ಬೈಗುಳ. ಎಲ್ಲವನ್ನೂ ಒಂದು ದಾರದಲ್ಲಿ ಪೋಣಿಸಿ ನೋಡುವವರು ಸಿಗುವುದಿಲ್ಲ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ತೂಕ, ಎತ್ತರ, ಹಲ್ಲು, ಕಣ್ಣು ನೋಡುತ್ತದೆ. ಎತ್ತರ ಬೆಳೆಯದ ಮಗುವಿನ ಉಚ್ಚೆಯಲ್ಲಿ ಒಂದು ಪಟ್ಟಿ ಅದ್ದಿ ನೋಡುವುದಕ್ಕೆ ಹೆಚ್ಚಿನ ಹಣವೂ ಬೇಡ, ಹೆಚ್ಚಿನ ಹೊತ್ತೂ ಬೇಡ.

ಇನ್ನು ಯಂತ್ರದ ವಿಷಯ. 2016ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾಸ್ಪತ್ರೆಗಳಿಗೂ, ಆಮೇಲೆ ತಾಲ್ಲೂಕು ಆಸ್ಪತ್ರೆಗಳಿಗೂ ಉಚಿತ ಡಯಾಲಿಸಿಸ್ ಬಂತು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡ ಐವತ್ತು ವರ್ಷದವರಿಗೆ ಇದು ನಿಜವಾಗಿಯೂ ಪುನರ್ಜನ್ಮ. ಸಣ್ಣ ಮಗುವನ್ನು ಅದೇ ಯಂತ್ರಕ್ಕೆ ಹಚ್ಚಲು ಬರುವುದಿಲ್ಲ. ಹತ್ತು ಕಿಲೋ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 800 ಮಿಲಿಲೀಟರ್, ಹೆಚ್ಚು ಕಡಿಮೆ ಒಂದು ಸಣ್ಣ ತಂಬಿಗೆಯಷ್ಟು. ಒಂದು ಸಲಕ್ಕೆ ಅದರ ಹತ್ತನೇ ಒಂದು ಪಾಲಿಗಿಂತ, ಅಂದರೆ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಮೈಯಿಂದ ಹೊರಗೆ ಇರಬಾರದು. ದೊಡ್ಡವರ ಕೊಳವೆ, ಫಿಲ್ಟರ್ ತುಂಬಲು ಅದರ ದುಪ್ಪಟ್ಟಿಗಿಂತ ಹೆಚ್ಚು ಬೇಕು. ಮಕ್ಕಳ ಅಳತೆಯ ಫಿಲ್ಟರ್, ಸಣ್ಣ ಕೊಳವೆ, ಸಣ್ಣ ಕ್ಯಾತಿಟರ್, ಅದನ್ನು ನಡೆಸಬಲ್ಲ ನರ್ಸ್ ಇರಬೇಕು. ತಾಲ್ಲೂಕು ಕೇಂದ್ರದ ಟೆಕ್ನಿಷಿಯನ್ ‘ಸಣ್ಣ ಹುಡುಗಗ ನಾವು ಮಾಡಂಗಿಲ್ಲ’ ಎಂದರೆ ಅದು ನಿರ್ಲಕ್ಷ್ಯವಲ್ಲ, ಎಚ್ಚರಿಕೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಹೇಗೋ ನಡೆಯುತ್ತದೆ. ಐದು ವರ್ಷದವನಿಗೆ ಅದು ದೂರದ ನಗರದಲ್ಲೇ ಸಿಗುವ ಸೌಲಭ್ಯ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು. ಖಟಕ ಚಿಂಚೋಳಿಯಲ್ಲಿ ಮನೆ ಇಟ್ಟುಕೊಂಡು ಇದು ಆಗದ ಮಾತು. ಅಪ್ಪನೋ ಅವ್ವನೋ ಮಗುವಿನೊಂದಿಗೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಖೋಲಿ ಹಿಡಿಯುತ್ತಾರೆ, ಉಳಿದ ಮಕ್ಕಳು ಆಯಿಯ ಮಡಿಲಿಗೆ.

ಮಗುವಿಗೆ ಹೊಂದುವ ಇನ್ನೊಂದು ದಾರಿ ಹೊಟ್ಟೆಯ ಡಯಾಲಿಸಿಸ್. ಹೊಟ್ಟೆಗೆ ಮೆತ್ತನೆಯ ಕೊಳವೆ ಕೂರಿಸುತ್ತಾರೆ. ಚೀಲದ ದ್ರವವನ್ನು ಅದರ ಮೂಲಕ ಒಳಬಿಟ್ಟು, ಕೆಲವು ತಾಸು ಇರಿಸಿ, ಕೊಳೆಯೊಂದಿಗೆ ಹೊರಹರಿಸಿ ಹೊಸ ದ್ರವ ಬಿಡುತ್ತಾರೆ. ದಿನಕ್ಕೆ ಸಾಮಾನ್ಯವಾಗಿ ನಾಲ್ಕು ಸಲ. ಸೂಜಿಯಿಲ್ಲ, ರಕ್ತ ಹೊರಹೋಗುವುದಿಲ್ಲ, ಪೋಲಿಯೋ ಲಸಿಕೆಯ ವಯಸ್ಸಿನ ಕೂಸಿಗೂ ಆಗುತ್ತದೆ, ಊಟದಲ್ಲಿ ಕಟ್ಟುಪಾಡೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲೇ ಮಾಡಬಹುದು, ಮಗು ಶಾಲೆಗೆ ಹೋಗಬಹುದು. ಅಕ್ಷರ ಬಾರದ ತಾಯಂದಿರೂ ಎರಡು ವಾರ ಕಲಿತು ಚೊಕ್ಕವಾಗಿ ಮಾಡುತ್ತಾರೆ. ಇದರ ಶತ್ರು ಒಂದೇ: ಸೋಂಕು. ಕೈ ತೊಳೆಯದೆ ಮುಟ್ಟಿದರೆ, ಫ್ಯಾನ್ ಹಚ್ಚಿಟ್ಟರೆ, ದನದ ಕೊಟ್ಟಿಗೆಗೆ ಹೊಂದಿದ ಕೋಣೆಯಲ್ಲಿ ಮಾಡಿದರೆ ಹೊಟ್ಟೆಯೊಳಗೆ ಕೀವಾಗುತ್ತದೆ. ಹೊರಬರುವ ದ್ರವ ಮೋಡ ಕವಿದಂತೆ ಬಂದರೆ ಅದೇ ದಿನ ಔಷಧಿ ಶುರುವಾಗಬೇಕು. ಒಂದು ಖೋಲಿಯ ಮನೆಯಲ್ಲಿ ಒಂದು ಮೂಲೆಯನ್ನು ಸುಣ್ಣ ಹೊಡೆದು, ಪರದೆ ಕಟ್ಟಿ, ಬೇರೆ ಯಾರೂ ಕಾಲಿಡದಂತೆ ಇಡುವುದು ಸಣ್ಣ ಕೆಲಸವಲ್ಲ. ಚೀಲಗಳ ಖರ್ಚು ತಿಂಗಳಿಗೆ ಹತ್ತಾರು ಸಾವಿರ. ಹೊಟ್ಟೆಯ ಡಯಾಲಿಸಿಸನ್ನೂ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸುವ ಮಾರ್ಗಸೂಚಿ 2019ರಲ್ಲೇ ಬಂತು. ಆದರೆ ಯಂತ್ರಕ್ಕೆ ಉದ್ಘಾಟನೆ ಇದೆ, ಫಲಕ ಇದೆ. ಮನೆಯ ಮೂಲೆಯ ಚೀಲಕ್ಕೆ ರಿಬ್ಬನ್ ಕತ್ತರಿಸುವವರಾರು?

ಥಾಯ್ಲೆಂಡ್ 2008ರಲ್ಲಿ ಬೇರೆ ದಾರಿ ಹಿಡಿಯಿತು. ಸರ್ಕಾರದ ಖರ್ಚಿನಲ್ಲಿ ಡಯಾಲಿಸಿಸ್ ಬೇಕಾದವರಿಗೆ ಮೊದಲು ಹೊಟ್ಟೆಯ ಡಯಾಲಿಸಿಸ್ ಎಂದು ನಿಯಮ ಮಾಡಿ, ದ್ರವದ ಚೀಲಗಳನ್ನು ಹಳ್ಳಿಯ ಮನೆಬಾಗಿಲಿಗೇ ತಲುಪಿಸಿತು. 2022ರಲ್ಲಿ ರೋಗಿಯೇ ಆಯ್ದುಕೊಳ್ಳಲಿ ಎಂದು ನಿಯಮ ಸಡಿಲಿಸಿದರು, ಅದರ ಒಳಿತು ಕೆಡುಕುಗಳ ಬಗ್ಗೆ ಅಲ್ಲಿ ಇನ್ನೂ ವಾದ ನಡೆದಿದೆ. ದೊಡ್ಡವರ ಮಟ್ಟಿಗೆ ಆ ವಾದ ಇರಲಿ. ಮಕ್ಕಳ ಮಟ್ಟಿಗೆ ನನಗೆ ಅನುಮಾನವಿಲ್ಲ: ಬೀದರಿನಂಥ ಜಿಲ್ಲೆಗೆ ಬೇಕಾದದ್ದು ಇದೇ.

ಊಟದ ಮಾತು ಬಂದರೆ ಮನೆಗಳಲ್ಲಿ ಜಗಳವೇ. ದೊಡ್ಡವರಿಗೆ ಹೇಳಿದ ಪಥ್ಯವನ್ನು ಮಗುವಿಗೂ ಹಚ್ಚಿ ಬೇಳೆ, ಮೊಟ್ಟೆ, ಹಾಲು ಎಲ್ಲ ನಿಲ್ಲಿಸುವವರಿದ್ದಾರೆ. ಮಗು ಬೆಳೆಯಬೇಕು, ವಯಸ್ಸಿಗೆ ತಕ್ಕ ಪ್ರೋಟೀನ್ ಬೇಕೇ ಬೇಕು, ಡಯಾಲಿಸಿಸ್ ಶುರುವಾದರೆ ಇನ್ನೂ ಸ್ವಲ್ಪ ಹೆಚ್ಚು. ಕಡಿಮೆ ಮಾಡಬೇಕಾದದ್ದು ರಕ್ತ ತಪಾಸಣೆ ನೋಡಿ ಪೊಟ್ಯಾಷಿಯಂ, ಫಾಸ್ಫರಸ್, ಉಪ್ಪು. ಉಪ್ಪಿನಲ್ಲೂ ಒಂದು ತಿರುವು ಇದೆ. ಹೆಚ್ಚು ಉಚ್ಚೆ ಹೊಯ್ಯುವ, ಉಪ್ಪು ಕಳೆದುಕೊಳ್ಳುವ ಮಗುವಿಗೆ ಡಾಕ್ಟರೇ ಉಪ್ಪು ಬರೆದುಕೊಡುತ್ತಾರೆ. ಬಾವು, ಬಿಪಿ ಇರುವ ಮಗುವಿಗೆ ಬಿಡಿಸುತ್ತಾರೆ. ‘ಕಿಡ್ನಿಗೆ ತಂಪು’ ಎಂದು ಎಳನೀರು ಕುಡಿಸುವ ಪದ್ಧತಿ ಎಲ್ಲ ಕಡೆ ಇದೆ. ಪೊಟ್ಯಾಷಿಯಂ ಏರಿದ ಮಗುವಿಗೆ ಎಳನೀರು ಹೃದಯವನ್ನೇ ನಿಲ್ಲಿಸಬಲ್ಲದು. ನಮ್ಮ ಕಡೆಯ ಎಳ್ಳಮಾವಾಸ್ಯೆಯ ಭಜ್ಜಿಯಲ್ಲಿ ಹತ್ತಾರು ಬಗೆಯ ಸೊಪ್ಪು, ಕಾಳು. ಆ ದಿನ ಹೊಲದಲ್ಲಿ ಎಲ್ಲರೂ ಕೂತು ಉಣ್ಣುವಾಗ ಒಂದು ಮಗುವಿಗೆ ಬೇಡ ಎನ್ನುವುದು ಹೇಗೆ? ತರಕಾರಿ ಸಣ್ಣಗೆ ಹೆಚ್ಚಿ, ನೆನೆಸಿ, ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಪೊಟ್ಯಾಷಿಯಂ ಬಹಳಷ್ಟು ಇಳಿಯುತ್ತದೆ. ಬೇರೆ ಬೋಗುಣಿಯಲ್ಲಿ ಹಾಗೆ ಮಾಡಿದ ಒಂದು ಸೌಟು ಪಲ್ಯ, ಜೋಳದ ರೊಟ್ಟಿಯ ತುಣುಕಿನೊಂದಿಗೆ, ಮಗುವಿನ ಹಬ್ಬವನ್ನು ಉಳಿಸುತ್ತದೆ. ಪೂರ್ತಿ ನಿಷೇಧಕ್ಕಿಂತ ಈ ಉಪಾಯವೇ ಬಾಳುತ್ತದೆ. ಉಚ್ಚೆ ಬತ್ತಿದ ಮಗುವಿಗೆ ನೀರಿನ ಅಳತೆ ಇನ್ನೂ ಕಠಿಣ. ಮೇ ತಿಂಗಳಲ್ಲಿ ಬೀದರಿನ ಬಿಸಿಲು 40 ಡಿಗ್ರಿ ದಾಟಿದಾಗ ಎದುರಿಗೆ ಗಡಿಗೆ ಇಟ್ಟುಕೊಂಡು ‘ಇಷ್ಟೇ ಕುಡಿ’ ಎನ್ನುವುದು ತಾಯಿಗೆ ಶಿಕ್ಷೆ. ಎಷ್ಟೋ ಮನೆಗಳಲ್ಲಿ ಆ ದಿನಗಳಲ್ಲಿ ಉಳಿದವರೂ ಮಗುವಿನ ಎದುರಿಗೆ ನೀರು ಕುಡಿಯುವುದಿಲ್ಲ.

ಶಾಲೆಯವರಿಗೂ ಇದು ತಿಳಿದಿರಬೇಕು. ಕಲ್ಯಾಣ ಕರ್ನಾಟಕದ ಮಕ್ಕಳ ಅಪೌಷ್ಟಿಕತೆ ನೋಡಿ 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಕೆಲವೇ ಜಿಲ್ಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿದರು. ಒಳ್ಳೆಯ ಯೋಜನೆ, ರಾಜ್ಯಕ್ಕೆಲ್ಲ ಹಬ್ಬಿತು. ಆದರೆ ಕಿಡ್ನಿ ಕಾಯಿಲೆಯ ಮಗು ಮೊಟ್ಟೆ ತಿನ್ನದ ಮನೆಯದಾದರೆ ಅದರ ಕೈಗೆ ಬರುವುದು ಪೊಟ್ಯಾಷಿಯಂ ತುಂಬಿದ ಬಾಳೆಹಣ್ಣು. ಮೇಷ್ಟ್ರಿಗೆ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಪಾಠದ ನಡುವೆ ಉಚ್ಚೆಗೆ ಬಿಡಬೇಕು ಎಂಬುದೂ ಆ ಚೀಟಿಯಲ್ಲಿರಲಿ.

ಮನೆಯ ಲೆಕ್ಕಕ್ಕೆ ಬರೋಣ. ಭಾಲ್ಕಿ, ಔರಾದ್ ಕಡೆ ಮಳೆಯ ಮೇಲಿನ ಸೋಯಾ, ತೊಗರಿ, ನೀರಿದ್ದಲ್ಲಿ ಕಬ್ಬು. ಆಸ್ಪತ್ರೆಯ ಬಿಲ್ಲನ್ನು ಸರ್ಕಾರಿ ಆರೋಗ್ಯ ಕಾರ್ಡು ತೀರಿಸಿದರೂ ಓಡಾಟ, ಖೋಲಿ ಬಾಡಿಗೆ, ಹೊರಗೆ ಬರೆದ ಔಷಧಿ, ಬಿಟ್ಟ ಕೂಲಿ ಕಾರ್ಡಿನಲ್ಲಿ ಇಲ್ಲ. ಮೊದಲು ಬಂಗಾರ, ಆಮೇಲೆ ಸಂಘದ ಸಾಲ, ಆಮೇಲೆ ಫೈನಾನ್ಸ್, ಕೊನೆಗೆ ಎಕರೆ. ಕಾಯಿಲೆ ಮಗುವಿನ ಅಕ್ಕ ಹತ್ತನೇ ತರಗತಿ ಬಿಟ್ಟು ಒಲೆ ಮುಂದೆ ನಿಲ್ಲುತ್ತಾಳೆ. ತಮ್ಮ, ಎಲ್ಲರ ಗಮನ ಅಣ್ಣನ ಮೇಲೇ ಎಂದು ಮುನಿಸಿಕೊಂಡು ಓದಿನಲ್ಲಿ ಹಿಂದುಳಿಯುತ್ತಾನೆ. ಇವರು ಯಾವ ಆಸ್ಪತ್ರೆಯ ಲೆಕ್ಕದಲ್ಲೂ ರೋಗಿಗಳಲ್ಲ. ಅಪ್ಪ ಮಾತು ಕಡಿಮೆ ಮಾಡುತ್ತಾನೆ, ಕೆಲವರು ಸಾರಾಯಿ ಹೆಚ್ಚು ಮಾಡುತ್ತಾರೆ. ಬಂಧುಗಳು ಮೊದಲ ವರ್ಷ ಹಣ್ಣು ಹಿಡಿದುಕೊಂಡು ಬರುತ್ತಾರೆ, ಎರಡನೇ ವರ್ಷ ಸಾಲ ಕೇಳಿಯಾರೆಂದು ದೂರ ಸರಿಯುತ್ತಾರೆ.

ಇದ್ದ ಸವಲತ್ತಾದರೂ ಎಲ್ಲರಿಗೂ ಗೊತ್ತಿಲ್ಲ. ಬಡವರಿಗೆ ದೊಡ್ಡ ಚಿಕಿತ್ಸೆ ಉಚಿತ ಮಾಡುವ ವಾಜಪೇಯಿ ಆರೋಗ್ಯಶ್ರೀ ರಾಜ್ಯದಲ್ಲಿ ಮೊದಲು ಶುರುವಾದದ್ದೇ 2010ರಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ಹೈದರಾಬಾದಿನ ಬಸ್ಸು ಹತ್ತುವ ಮೊದಲು, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಕಾರ್ಡು ನಡೆಯುತ್ತದೆ ಎಂದು ಬ್ರಿಮ್ಸ್‌ನಲ್ಲಿ ಆರೋಗ್ಯ ಮಿತ್ರರನ್ನು ಕೇಳಿಕೊಳ್ಳಬೇಕು. ಹೈದರಾಬಾದಿನಲ್ಲಿ ಭರ್ತಿಯಾದ ಮೇಲೆ ಕೇಳಿದರೆ ತಡ. ಡಯಾಲಿಸಿಸ್‌ಗೆ, ಕಿಡ್ನಿ ಕಸಿಗೆ ಹೋಗಿಬರುವ ರೋಗಿಗೂ ಜೊತೆಗಾರನಿಗೂ ರೈಲಿನ ಸ್ಲೀಪರ್ ದರದಲ್ಲಿ ನೂರಕ್ಕೆ 75 ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ತೋರಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವ್ವನಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಹೈದರಾಬಾದಿಗೆ ಟಿಕೆಟ್ ತೆಗೆಯಲೇಬೇಕು. ಇನ್ನೊಂದು ಅನ್ಯಾಯ ಹೇಳದೆ ಬಿಡಲಾರೆ: 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಬಗೆಯಲ್ಲಿ ಕಿಡ್ನಿ ವೈಫಲ್ಯ ಇಲ್ಲ. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಕೊಂಡ ಮಗುವಿಗೆ ಮಾಸಾಶನವೂ ಇಲ್ಲ, ಪಾಸೂ ಇಲ್ಲ.

ಕಸಿಯೇ ಮಗುವಿಗೆ ಒಳ್ಳೆಯ ಚಿಕಿತ್ಸೆ ಎಂಬುದರಲ್ಲಿ ವೈದ್ಯರಲ್ಲಿ ಭಿನ್ನಮತವಿಲ್ಲ. ಭಾರತದಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನಲ್ಲಿ. ಹತ್ತು ಕಿಲೋ ದಾಟಿದ ಮಗುವಿಗೆ ದೊಡ್ಡವರ ಕಿಡ್ನಿಯನ್ನೇ ಕೂರಿಸಬಹುದು. ಕೊಡುವವರಾರು? ಬಹುತೇಕ ಅವ್ವ. 2023ರಲ್ಲಿ ದೇಶದ ಜೀವಂತ ಅಂಗದಾನಿಗಳಲ್ಲಿ ನೂರಕ್ಕೆ ಸುಮಾರು 63 ಮಂದಿ ಹೆಂಗಸರು. ಪಡೆದವರಲ್ಲಿ ಗಂಡಸರೇ ಹೆಚ್ಚು. ಮಕ್ಕಳಲ್ಲೂ ಕಸಿಯವರೆಗೆ ತಲುಪುವವರಲ್ಲಿ ಹುಡುಗರು ಹೆಚ್ಚು. ಹುಟ್ಟುದೋಷ ಹುಡುಗರಲ್ಲಿ ಹೆಚ್ಚಿರುವುದು ಒಂದು ಕಾರಣ, ಅದೊಂದೇ ಕಾರಣವಲ್ಲ. ‘ಹೆಣ್ಣು ಹುಡುಗಿ, ಹೊಟ್ಟಿ ಮ್ಯಾಲ ಗೀರು ಬಿದ್ರ ಮುಂದ ಹ್ಯಾಂಗ’ ಎಂಬ ಮಾತಿಗೆ ಎಷ್ಟು ಹುಡುಗಿಯರು ಬಲಿಯಾದರೋ ಲೆಕ್ಕ ಇಟ್ಟವರಿಲ್ಲ.

1994ರ ಅಂಗ ಕಸಿ ಕಾಯಿದೆ ಮೊದಲು ಅಪ್ಪ, ಅವ್ವ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿಯನ್ನು ಮಾತ್ರ ಹತ್ತಿರದ ಬಂಧು ಎಂದಿತ್ತು. 2011ರ ತಿದ್ದುಪಡಿಯಲ್ಲಿ ಮುತ್ಯಾ, ಆಯಿ ಸೇರಿದರು. ಮೈ ಗಟ್ಟಿ ಇರುವ ಐವತ್ತೈದರ ಆಯಿ ಕೊಡಬಹುದು, ಕೊಟ್ಟವರಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವ ಸೋದರಮಾವ, ಕಾಕಾ ಕಾಯಿದೆಯ ಕಣ್ಣಿಗೆ ಹತ್ತಿರದವರಲ್ಲ. ಅವರು ಕೊಡಬೇಕಾದರೆ ಸಮಿತಿಯ ಮುಂದೆ ಹಣದ ವ್ಯವಹಾರ ಇಲ್ಲ ಎಂದು ತೋರಿಸಿ ಒಪ್ಪಿಗೆ ಪಡೆಯಬೇಕು. ಕಿಡ್ನಿ ದಂಧೆ ತಡೆಯಲು ಇದು ಬೇಕು, ಒಪ್ಪುತ್ತೇನೆ. ರಕ್ತದ ಗುಂಪು ಹೊಂದದಿದ್ದರೆ ಇನ್ನೊಂದು ಅಂಥದೇ ಕುಟುಂಬದೊಂದಿಗೆ ದಾನಿಯನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ ಅದೇ ತಿದ್ದುಪಡಿ ದಾರಿ ಮಾಡಿದೆ.

ಮೆದುಳು ಸತ್ತವರಿಂದ ಬರುವ ಕಿಡ್ನಿಗೆ ಕರ್ನಾಟಕದಲ್ಲಿ ಜೀವಸಾರ್ಥಕತೆ, ತೆಲಂಗಾಣದಲ್ಲಿ ಜೀವನ್‌ದಾನ್ ಎಂಬ ಸರ್ಕಾರಿ ವ್ಯವಸ್ಥೆಗಳಿವೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅವರ ಅಂಗಗಳನ್ನು ದಾನ ಮಾಡಿದರು. ಆ ಬಳಿಕ ಕನ್ನಡ ಮನೆಗಳಲ್ಲಿ ಈ ಮಾತು ಸ್ವಲ್ಪ ಸಲೀಸಾಯಿತು. ಹೆಸರು ಬರೆಸಲು ಆಯಾ ರಾಜ್ಯದ ನಿವಾಸಿಯೇ ಆಗಿರಬೇಕು ಎಂಬ ಷರತ್ತನ್ನು ಕೈಬಿಡಲು 2023ರಲ್ಲಿ ಕೇಂದ್ರ ಸೂಚಿಸಿದೆ. ಗಡಿಯ ಮೇಲೆ ಬದುಕುವ ಬೀದರಿಗರಿಗೆ ಇದು ದೊಡ್ಡ ವಿಷಯ.

ಕಸಿ ಆದ ಮೇಲೆ ಕಥೆ ಮುಗಿಯಿತು ಎಂದುಕೊಂಡವರು ಮೋಸ ಹೋಗುತ್ತಾರೆ. ಕಿಡ್ನಿ ತಿರಸ್ಕಾರವಾಗದಂತೆ ಹನ್ನೆರಡು ತಾಸಿಗೊಮ್ಮೆ ಗುಳಿಗೆ, ಬದುಕಿನುದ್ದಕ್ಕೂ. ಬಂದ ಕಿಡ್ನಿ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ, ಅದೃಷ್ಟವಿದ್ದರೆ ಇನ್ನೂ ಹೆಚ್ಚು ಬಾಳುತ್ತದೆ. ಆರನೇ ವಯಸ್ಸಿನಲ್ಲಿ ಅವ್ವನ ಕಿಡ್ನಿ ಪಡೆದವನಿಗೆ ಇಪ್ಪತ್ತರ ಹರೆಯದಲ್ಲಿ ಇನ್ನೊಂದು ಬೇಕಾಗಬಹುದು. ಅಪ್ಪನದನ್ನು ಆ ಹೊತ್ತಿಗೆಂದು ಕಾದಿಡಬೇಕೇ ಎಂದು ಕೂತು ಲೆಕ್ಕ ಹಾಕುವ ಮನೆಗಳಿವೆ. ಅತಿ ಹೆಚ್ಚು ಕಿಡ್ನಿ ಹಾಳಾಗುವುದು ಹದಿಹರೆಯದಲ್ಲಿ. ಗೆಳೆಯರ ಮುಂದೆ ಗುಳಿಗೆ ನುಂಗಲು ನಾಚಿಕೆ, ಸ್ಟಿರಾಯ್ಡಿನ ದುಂಡು ಮುಖ, ಕುಳ್ಳು ಮೈ. ‘ನನಗೇನಾಗ್ಯಾದ’ ಎಂದು ಒಂದು ವಾರ ಬಿಟ್ಟರೆ ಅವ್ವ ಕೊಟ್ಟದ್ದು ಹೋಗುತ್ತದೆ. ಬೈದು ಪ್ರಯೋಜನವಿಲ್ಲ. ಹತ್ತನೇ ವಯಸ್ಸಿನಿಂದಲೇ ಗುಳಿಗೆಯ ಡಬ್ಬಿ ಅವನ ಕೈಗೇ ಕೊಟ್ಟು ರೂಢಿ ಮಾಡಿಸಿದವರು ಹೆಚ್ಚು ಗೆದ್ದಿದ್ದಾರೆ.

ಡಯಾಲಿಸಿಸ್ಸೂ ಬೇಡ, ಕಸಿಯೂ ಬೇಡ, ಮಗುವನ್ನು ಮನೆಗೆ ಕರೆದೊಯ್ಯುತ್ತೇವೆ ಎನ್ನುವ ಅಪ್ಪ ಅವ್ವಂದಿರೂ ಇದ್ದಾರೆ. ಅವರನ್ನು ಕಲ್ಲೆದೆಯವರು ಎನ್ನುವ ಹಕ್ಕು ಯಾರಿಗೂ ಇಲ್ಲ. ಉಳಿದ ಇಬ್ಬರು ಮಕ್ಕಳ ಅನ್ನ, ಉಳಿದ ಎರಡು ಎಕರೆ ಅವರ ಎದುರಿಗಿರುತ್ತದೆ. 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರಗಳು ಕೆಲವೇ ಇದ್ದಾಗ ಯಾರಿಗೆ ಕೊಡಬೇಕೆಂದು ಊರವರ ಸಮಿತಿಯೊಂದು ತೀರ್ಮಾನಿಸುತ್ತಿತ್ತು. ಮಕ್ಕಳು ಆ ಪಟ್ಟಿಯಲ್ಲೇ ಇರಲಿಲ್ಲ. 1972ರಲ್ಲಿ ಅಲ್ಲಿನ ಸರ್ಕಾರವೇ ಖರ್ಚು ಹೊತ್ತ ಮೇಲೆ ಆ ಸಮಿತಿಯ ಕೆಲಸ ಮುಗಿಯಿತು. ನಮ್ಮಲ್ಲಿ ಅದೇ ತೀರ್ಮಾನವನ್ನು ಇಂದಿಗೂ ಒಬ್ಬ ಅಪ್ಪ ಆಸ್ಪತ್ರೆಯ ಜಗುಲಿಯ ಮೇಲೆ ಕೂತು ಮಾಡುತ್ತಾನೆ. ಹಾಗೆ ಮನೆಗೆ ಬಂದ ಮಗುವಿಗೂ ಉಬ್ಬಸ, ವಾಂತಿ, ತುರಿಕೆ, ನೋವು ಕಡಿಮೆ ಮಾಡುವ ಔಷಧಿ ಇದೆ. ಅದನ್ನು ಕೊಡುವ ಕೆಲಸ ಹೋಬಳಿಯ ಆಸ್ಪತ್ರೆಯಿಂದಲೇ ಆಗಬೇಕು, ಅಲ್ಲಿ ಮುಖ ತಿರುಗಿಸಬಾರದು.

ಬೀದರಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ತಿಂಗಳಿಗೊಂದು ದಿನ ಬೆಂಗಳೂರಿನ ಮಕ್ಕಳ ಕಿಡ್ನಿ ತಜ್ಞರೊಬ್ಬರು ಬ್ರಿಮ್ಸ್‌ಗೆ ಬಂದು ಕೂರುವಂತಾಗಲಿ. ಬಾರದಿದ್ದರೆ ಅಲ್ಲಿನ ಮಕ್ಕಳ ವೈದ್ಯರೊಂದಿಗೆ ವಿಡಿಯೊದಲ್ಲಿ ಕೂರಲಿ. ಹೊಟ್ಟೆಯ ಡಯಾಲಿಸಿಸ್ ಕಲಿಸಬಲ್ಲ ಇಬ್ಬರು ನರ್ಸ್‌ಗಳು, ಚೀಲಗಳನ್ನು ತಾಲ್ಲೂಕು ಆಸ್ಪತ್ರೆಯ ಉಗ್ರಾಣದಿಂದ ಮನೆಗೆ ಮುಟ್ಟಿಸುವ ಏರ್ಪಾಡು, ಮನೆಗೆ ಬಂದು ಮೂಲೆ ನೋಡಿ ಹೋಗುವ ಆಶಾ ಕಾರ್ಯಕರ್ತೆ, ಸಣ್ಣ ತೋಳಿಗೆ ಹೊಂದುವ ಬಿಪಿ ಪಟ್ಟಿ, ಮತ್ತು ಜಿಲ್ಲೆಯ ಲ್ಯಾಬುಗಳ ಚೀಟಿಯಲ್ಲಿ ಮಕ್ಕಳ ವಯಸ್ಸಿನ ಕ್ರಿಯಾಟಿನಿನ್ ಮಿತಿ. ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷವರ್ಷವೂ ಬರುವ ಅನುದಾನದಲ್ಲಿ ಇದೆಲ್ಲ ಸೇರಿದರೂ ಒಂದು ಹೆದ್ದಾರಿ ತುಂಡಿನ ಖರ್ಚಾಗಲಿಕ್ಕಿಲ್ಲ. ಜನಪ್ರತಿನಿಧಿಗಳು ಮುಂದಿನ ಸಲ ಡಯಾಲಿಸಿಸ್ ಯಂತ್ರ ಉದ್ಘಾಟಿಸಲು ಬಂದಾಗ, ಐದು ವರ್ಷದ ಮಗುವಿಗೆ ಇದು ಆಗುತ್ತದೆಯೇ ಎಂದು ಕೇಳಿ. ಮನೆಯಲ್ಲಿ ಗಿಡ್ಡ ಉಳಿದ, ಬಿಳಿಚಿಕೊಂಡ, ರಾತ್ರಿ ನೀರು ಕೇಳುವ ಮಗು ಇದ್ದರೆ ಈ ವಾರವೇ ಉಚ್ಚೆ, ಬಿಪಿ, ಕ್ರಿಯಾಟಿನಿನ್ ಮೂರನ್ನೂ ತಪಾಸಣೆ ಮಾಡಿಸಿ, ಚೀಟಿಯೊಂದಿಗೆ ಮಗುವಿನ ಎತ್ತರವನ್ನೂ ಡಾಕ್ಟರಿಗೆ ತಿಳಿಸಿ.